ಬಡಿಸಲು ನಿಂತವರ ಜಾತ್ರೆ

(ವಿದೇಶಕ್ಕೆ ಓದಲು ಹೊರಟಿರುವ ವಿದ್ಯಾರ್ಥಿಗಳು ಮತ್ತು ಅವರ ಮನೆಯವರ ಮುಂದೆ ಕೊಪ್ಪಳದಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತಿನ ಓಟವನ್ನು ಆದಷ್ಟು ಹಾಗೆಯೇ ಇಟ್ಟಿದ್ದೇನೆ.)

ಎಲ್ಲರಿಗೂ ಶರಣು.

ಬೆಳಗಿನಿಂದ ಹಿಂದಿನ ಸಾಲಿನಲ್ಲಿ ಕೂತು ನಿಮ್ಮ ಪ್ರಶ್ನೆಗಳನ್ನೆಲ್ಲ ಕೇಳಿಸಿಕೊಂಡೆ. ವೀಸಾ ಸಂದರ್ಶನದಲ್ಲಿ ಏನು ಕೇಳುತ್ತಾರೆ, ಸಾಲಕ್ಕೆ ಹೊಲದ ಪಹಣಿ ಸಾಕೋ ಮನೆಯ ಪತ್ರವೂ ಬೇಕೋ, ಕುಕ್ಕರ್ ಇಲ್ಲಿಂದಲೇ ಒಯ್ಯಬೇಕೋ ಅಲ್ಲಿ ಸಿಗುತ್ತದೋ. ಎಲ್ಲವೂ ಬೇಕಾದ ಪ್ರಶ್ನೆಗಳೇ, ನಾನೂ ಒಂದು ಕಾಲಕ್ಕೆ ಇವನ್ನೇ ಕೇಳಿದ್ದೆ. ಆದರೆ ಒಂದು ಪ್ರಶ್ನೆ ಇಷ್ಟು ಹೊತ್ತಾದರೂ ಯಾರ ಬಾಯಿಂದಲೂ ಬರಲಿಲ್ಲ. ಸಂಜೆ ಐದಕ್ಕೆ ಕ್ಲಾಸು ಮುಗಿದ ಮೇಲೆ ಮಲಗುವತನಕ ಆ ಊರಿನಲ್ಲಿ ಏನು ಮಾಡುವುದು? ಶನಿವಾರ, ಭಾನುವಾರ ಯಾರ ಮುಖ ನೋಡುವುದು?

ನನ್ನನ್ನು ಹಿಂಡಿದ್ದು ಆ ಪ್ರಶ್ನೆಯೇ. ಅದಕ್ಕೇ ಇವತ್ತು ಅದನ್ನೇ ಹಿಡಿದು ಮಾತಾಡುತ್ತೇನೆ.

ನಮ್ಮೂರು ಕುಷ್ಟಗಿ ತಾಲೂಕಿನ ಒಂದು ಹಳ್ಳಿ. ಹತ್ತನೇ ತರಗತಿಯತನಕ ಕನ್ನಡ ಶಾಲೆ, ಕೃಷಿ ಪದವಿ ರಾಯಚೂರಿನಲ್ಲಿ. ಆಮೇಲೆ ಮಣ್ಣು ವಿಜ್ಞಾನ ಓದಲು ಅಮೆರಿಕದ ನಡುಭಾಗದ ಒಂದು ರಾಜ್ಯ ವಿಶ್ವವಿದ್ಯಾಲಯಕ್ಕೆ ಹೋದೆ. ಊರಿನ ಸುತ್ತ ಕಣ್ಣು ಹಾಯುವತನಕ ಮೆಕ್ಕೆಜೋಳ ಮತ್ತು ಸೋಯಾ. ಬೆಳೆ ನೋಡಿ ಮೊದಲ ದಿನ ನೆಮ್ಮದಿಯಾಯಿತು, ನಮ್ಮ ಯಲಬುರ್ಗಾ ಕಡೆಯ ಹೊಲಗಳನ್ನೇ ಯಾರೋ ಹಿಗ್ಗಿಸಿ ಹಾಸಿದ ಹಾಗಿತ್ತು. ಆ ನೆಮ್ಮದಿ ವಾರ ಕೂಡ ಉಳಿಯಲಿಲ್ಲ.

ಮೂರನೇ ವಾರದ ಒಂದು ಸೋಮವಾರ ಕ್ಲಾಸಿನಲ್ಲಿ ಹಾಜರಿ ಹೇಳಲು ಬಾಯಿ ತೆರೆದೆ, ದನಿ ಹೊರಡಲಿಲ್ಲ. ಗಂಟಲು ಕಟ್ಟಿತ್ತು. ನೆಗಡಿ ಇರಲಿಲ್ಲ. ಯೋಚಿಸಿದರೆ, ಶುಕ್ರವಾರ ಮಧ್ಯಾಹ್ನ ಗ್ರಂಥಾಲಯದಲ್ಲಿ ‘ಥ್ಯಾಂಕ್ಯೂ’ ಅಂದದ್ದು ಬಿಟ್ಟರೆ ಎರಡೂವರೆ ದಿನ ಆ ಊರಿನ ಒಬ್ಬ ಮನುಷ್ಯರ ಜೊತೆಯೂ ನಾನು ಮಾತಾಡಿರಲಿಲ್ಲ. ಮನೆಗೆ ಫೋನು ಮಾಡಬಹುದಿತ್ತಲ್ಲ ಅನ್ನುತ್ತೀರಿ. ಬೇಸಿಗೆಯಲ್ಲಿ ಆ ಸೀಮೆಗೂ ನಮಗೂ ಹತ್ತೂವರೆ ತಾಸಿನ ಅಂತರ, ಚಳಿಗಾಲದಲ್ಲಿ ಹನ್ನೊಂದೂವರೆ. ನನಗೆ ಸಂಜೆ ಬೇಸರ ಹತ್ತಿದಾಗ ಇಲ್ಲಿ ಅವ್ವ ನಸುಕಿನಲ್ಲಿ ಎದ್ದು ಸಗಣಿ ಬಾಚುತ್ತಿರುತ್ತಾಳೆ. ಆಗ ಫೋನು ಹಚ್ಚಿ ಅತ್ತರೆ ಅವಳ ದಿನವೆಲ್ಲ ಕೆಡುತ್ತದೆ ಅಂತ ಸುಮ್ಮನಿರುತ್ತಿದ್ದೆ.

ಇದು ನನ್ನೊಬ್ಬಳ ಕತೆ ಅಂದುಕೊಂಡಿದ್ದೆ. ಬಹಳ ದಿನಗಳ ಮೇಲೆ 1909ರ ಒಂದು ಘಟನೆ ಓದಿದೆ. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಗ್ರಂಥಾಲಯದ ಮೆಟ್ಟಿಲ ಮೇಲೆ ಹ್ಯಾರಿ ಎಡ್ಮಂಡ್ಸ್ ಎಂಬವರಿಗೆ ಚೀನಾದ ಒಬ್ಬ ವಿದ್ಯಾರ್ಥಿ ಎದುರಾಗುತ್ತಾನೆ. ಎಡ್ಮಂಡ್ಸ್ ದಾರಿಹೋಕರಿಗೆ ಹೇಳುವಂತೆ ಒಂದು ‘ಗುಡ್ ಮಾರ್ನಿಂಗ್’ ಹೇಳಿ ಮುಂದೆ ಹೋಗುತ್ತಾರೆ. ಆ ಹುಡುಗ ನಿಂತುಬಿಡುತ್ತಾನೆ. ತಾನು ಈ ಊರಿಗೆ ಬಂದು ಮೂರು ವಾರವಾಯಿತು, ತನ್ನನ್ನು ಮಾತಾಡಿಸಿದವರಲ್ಲಿ ನೀವೇ ಮೊದಲಿಗರು ಅನ್ನುತ್ತಾನೆ. ಎಡ್ಮಂಡ್ಸ್‌ಗೆ ಆ ಮಾತು ಮನಸ್ಸಿನಿಂದ ಹೋಗಲಿಲ್ಲ. ವಿದೇಶಿ ವಿದ್ಯಾರ್ಥಿಗಳನ್ನು ಮನೆಗೆ ಊಟಕ್ಕೆ ಕರೆಯಲು ಶುರುಮಾಡಿದರು. ಅದು ಬೆಳೆದು, ಸಿರಿವಂತ ರಾಕ್‌ಫೆಲ್ಲರ್ ಅವರ ದೇಣಿಗೆ ಸೇರಿ, 1924ರಲ್ಲಿ ನ್ಯೂಯಾರ್ಕಿನಲ್ಲಿ ಇಂಟರ್‌ನ್ಯಾಷನಲ್ ಹೌಸ್ ಬಾಗಿಲು ತೆರೆಯಿತು. ಇವತ್ತಿಗೂ ಅಲ್ಲಿ ನಾನಾ ದೇಶದ ಮಕ್ಕಳು ಒಟ್ಟಿಗೆ ಇರುತ್ತಾರೆ.

ಮೂರು ವಾರ. ನನಗೂ ಅಷ್ಟೇ ಆಗಿತ್ತು. ನಡುವೆ ನೂರು ವರ್ಷ ಕಳೆದು, ಕಿಸೆಯಲ್ಲಿ ಫೋನು ಬಂದಿದ್ದರೂ ಆ ಮೂರು ವಾರ ಹಾಗೆಯೇ ಉಳಿದಿದೆ.

ಈಗ ಕ್ಲಬ್‌ಗಳ ವಿಷಯ. ಅಮೆರಿಕದಲ್ಲಿ ಆಗಸ್ಟಿನಲ್ಲಿ ತರಗತಿ ಶುರುವಾದ ಒಂದೆರಡು ವಾರದೊಳಗೆ ಕ್ಯಾಂಪಸ್ಸಿನ ಹುಲ್ಲುಹಾಸಿನ ಮೇಲೆ ಎಲ್ಲ ಸಂಘಗಳೂ ಮೇಜು ಹಾಕಿಕೊಂಡು ಕೂರುತ್ತವೆ. ಬ್ರಿಟನ್ನಿನಲ್ಲಿ ಇದು ಫ್ರೆಶರ್ಸ್ ವಾರ, ಆಸ್ಟ್ರೇಲಿಯಾದಲ್ಲಿ ಓ-ವೀಕ್. ನಮ್ಮ ವಾರದ ಸಂತೆ ಕಣ್ಣಮುಂದೆ ತಂದುಕೊಳ್ಳಿ, ತರಕಾರಿ ಬದಲು ಸಂಘಗಳು. ಚದುರಂಗ, ಬಿಲ್ಲುಗಾರಿಕೆ, ಜೇನು ಸಾಕಣೆ, ಜರ್ಮನ್ ಮಾತಾಡುವವರು, ನಕ್ಷತ್ರ ನೋಡುವವರು. ಎಲ್ಲರೂ ನಗುತ್ತಾ ಕರೆಯುತ್ತಾರೆ, ಒಂದು ಹಾಳೆಯಲ್ಲಿ ಹೆಸರು ಮತ್ತು ಇಮೇಲ್ ಬರೆಸಿಕೊಳ್ಳುತ್ತಾರೆ. ನಾನು ಹದಿನಾಲ್ಕು ಕಡೆ ಬರೆದೆ. ಎರಡು ಪೆನ್ನು, ಒಂದು ನೀರಿನ ಬಾಟಲಿ, ನಾಲ್ಕು ತುಂಡು ಪಿಜ್ಜಾ ಸಿಕ್ಕಿತು. ಮರುದಿನದಿಂದ ಇಮೇಲ್‌ಗಳ ಮಳೆ. ಹೆಚ್ಚಿನವಕ್ಕೆ ಹೋಗಲೇ ಇಲ್ಲ. ಹೋದ ಒಂದೆರಡು ಕಡೆ ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತು, ಎಲ್ಲರೂ ಒಬ್ಬರನ್ನೊಬ್ಬರು ಬಲ್ಲವರ ಹಾಗೆ ಕಂಡು, ಅರ್ಧಕ್ಕೇ ಎದ್ದು ಬಂದೆ.

ವಿದೇಶಿ ವಿದ್ಯಾರ್ಥಿಗಳಿಗಾಗಿ ವಾರಕ್ಕೊಂದು ದಿನ ಅಲ್ಲಿ ಒಂದು ಊಟ ಇರುತ್ತಿತ್ತು. ಪುಕ್ಕಟೆ ಊಟ, ಹಾಗಾಗಿ ತಪ್ಪದೆ ಹೋಗುತ್ತಿದ್ದೆ. ತಟ್ಟೆ ತಗೊಂಡು ಮೂಲೆಯಲ್ಲಿ ಕೂತು, ಉಂಡು, ಬರುತ್ತಿದ್ದೆ. ಸೆಪ್ಟೆಂಬರ್ ಕೊನೆಯ ಒಂದು ವಾರ ಬಡಿಸುವವರು ಇಬ್ಬರು ಬಂದಿರಲಿಲ್ಲ. ಸಾಲು ಬಾಗಿಲು ದಾಟಿ ಹೊರಗೆ ಹೋಗಿತ್ತು. ನನಗೆ ಏನನ್ನಿಸಿತೋ, ತಟ್ಟೆ ಕೆಳಗಿಟ್ಟು ಮೇಜಿನ ಆಚೆ ಹೋಗಿ ಅನ್ನದ ಚಮಚ ಹಿಡಿದೆ. ಯಾರೂ ಕೇಳಿರಲಿಲ್ಲ. ಯಾರೂ ಬೇಡವೆನ್ನಲೂ ಇಲ್ಲ. ಒಬ್ಬ ಹೆಂಗಸು ಹಿಂದಿನಿಂದ ಬಂದು ನನ್ನ ಸೊಂಟಕ್ಕೆ ಏಪ್ರನ್ ಕಟ್ಟಿ ಹೋದಳು, ಅಷ್ಟೇ.

ಇಲ್ಲಿ ಕೂತವರಿಗೆ ನಮ್ಮ ಗವಿಮಠದ ಜಾತ್ರೆಯನ್ನು ಬಣ್ಣಿಸಿ ಹೇಳಬೇಕಿಲ್ಲ. ಬನದ ಹುಣ್ಣಿಮೆ ಮುಗಿದು ತೇರಿನ ಹೊತ್ತಿಗೆ ಸುತ್ತಿನ ಹಳ್ಳಿಗಳಿಂದ ಟ್ರ್ಯಾಕ್ಟರುಗಟ್ಟಲೆ ರೊಟ್ಟಿ ಬಂದು ದಾಸೋಹದ ಮುಂದೆ ಇಳಿಯುತ್ತದೆ. ಲಕ್ಷಗಟ್ಟಲೆ ರೊಟ್ಟಿ, ಕೊಪ್ಪರಿಗೆಗಟ್ಟಲೆ ಮಾದಲಿ. ನಾನು ಚಿಕ್ಕವಳಿದ್ದಾಗ ಮೂರು ನಾಲ್ಕು ಸಲ ಬಂದಿದ್ದೆ. ಬಳೆ ಇಟ್ಟುಕೊಂಡು, ತೇರು ನೋಡಿ, ಉಂಡು ಹೋಗಿದ್ದೆ. ಒಂಬತ್ತನೇ ತರಗತಿಯಲ್ಲಿದ್ದಾಗ ನಮ್ಮೂರ ರೊಟ್ಟಿಯ ಟ್ರ್ಯಾಕ್ಟರಿನ ಮೇಲೆ ಕೂತು ಬಂದೆ. ಗಂಟು ಇಳಿಸಿದ ಮೇಲೆ ಒಬ್ಬ ಹಿರಿಯರು, “ತಂಗಿ, ನಿಂತು ನೋಡ್ತಿ ಯಾಕ? ಈ ಪುಟ್ಟಿ ಹಿಡಿ” ಅಂದರು. ಎರಡು ತಾಸು ರೊಟ್ಟಿ ಹಂಚಿದೆ. ಉಂಡವರೆಲ್ಲ ನನಗೆ ಪರಿಚಯದವರಾದರು ಅಂತಲ್ಲ, ಒಬ್ಬರ ಹೆಸರೂ ಗೊತ್ತಿಲ್ಲ. ಆದರೆ ಅವತ್ತಿನಿಂದ ಅದು ನನ್ನ ಜಾತ್ರೆ. ಇವತ್ತಿಗೂ ಆ ದಿನ ನೆನೆದರೆ ತೇರು ಆಮೇಲೆ ಬರುತ್ತದೆ, ಮೊದಲು ಬರುವುದು ಆ ಪುಟ್ಟಿಯ ತೂಕ.

ಅಲ್ಲಿ ಅನ್ನದ ಚಮಚ ಹಿಡಿದಾಗ ನನಗೆ ಸಿಕ್ಕಿದ್ದು ಆ ಪುಟ್ಟಿಯೇ. ಅದುವರೆಗೆ ಇಂಗ್ಲಿಷಿನಲ್ಲಿ ಯಾರ ಹತ್ತಿರ ಹೋಗಿ ಏನು ಮಾತಾಡಬೇಕು ಅಂತ ತಿಳಿಯದೆ ಒದ್ದಾಡುತ್ತಿದ್ದೆ. ಚಮಚ ಕೈಗೆ ಬಂದ ಕೂಡಲೇ ಮಾತು ತಾನಾಗಿ ಸಿಕ್ಕಿತು: “ಇಷ್ಟು ಸಾಕಾ? ಇನ್ನೊಂಚೂರು?” ಅವತ್ತು ಒಂದೇ ಸಂಜೆ ನೂರಾರು ಮಂದಿಯ ಜೊತೆ ಮಾತಾಡಿದೆ.

ನಾನು ಇಲ್ಲಿ ಹೇಳಲು ಬಂದದ್ದು ಇದನ್ನೇ. ಪರದೇಶದಲ್ಲಿ ಗೆಳೆಯರನ್ನು ಹುಡುಕಿಕೊಂಡು ಹೋಗಬೇಡಿ, ಕೆಲಸ ಹುಡುಕಿ. ಸಂಬಳದ ಕೆಲಸ ಬೇರೆ, ಅದಕ್ಕೆ ಆಮೇಲೆ ಬರುತ್ತೇನೆ. ಕುರ್ಚಿ ಜೋಡಿಸುವುದು, ಬಾಗಿಲಲ್ಲಿ ನಿಂತು ಹೆಸರು ಬರೆದುಕೊಳ್ಳುವುದು, ಪಾತ್ರೆ ತೊಳೆಯುವುದು, ಸಂಘದ ಲೆಕ್ಕ ಬರೆಯುವುದು, ಇಂಥವು. ನೀವು ಬರದೆ ಹೋದ ದಿನ ‘ಯಾಕೆ ಬರಲಿಲ್ಲ’ ಅಂತ ಯಾರಾದರೂ ಕೇಳುವಂಥ ಒಂದು ಜಾಗ ಬೇಕು. ಪ್ರೇಕ್ಷಕರು ಬರದಿದ್ದರೆ ಯಾರಿಗೂ ತಿಳಿಯುವುದಿಲ್ಲ.

ಆ ಊಟದ ಮನೆಯಿಂದ ನಾನು ಫುಡ್ ಪ್ಯಾಂಟ್ರಿಗೆ ಹೋದೆ. ಅಮೆರಿಕದ ಎಷ್ಟೋ ವಿಶ್ವವಿದ್ಯಾಲಯಗಳಲ್ಲಿ ಇದು ಇದೆ. ಕೈಯಲ್ಲಿ ಕಾಸಿಲ್ಲದ ವಿದ್ಯಾರ್ಥಿಗಳು ಬಂದು ಅಕ್ಕಿ, ಡಬ್ಬಿಯ ಬೇಳೆಕಾಳು, ಹಾಲು, ಸಾಬೂನು ಒಯ್ಯುವ ಕೋಣೆ. ನಾನು ಹೋಗುವ ಮುಂಚೆ, ಅಲ್ಲಿ ಬರುವವರೆಲ್ಲ ನಮ್ಮಂಥ ಹೊರಗಿನವರೇ ಇರಬೇಕು ಅಂದುಕೊಂಡಿದ್ದೆ. ಹೋಗಿ ನೋಡಿದರೆ ಅರ್ಧಕ್ಕರ್ಧ ಅಮೆರಿಕದ ಮಕ್ಕಳೇ. ರೈತರ ಮಕ್ಕಳು, ಒಂಟಿ ತಾಯಂದಿರ ಮಕ್ಕಳು, ತಾವೇ ಸಾಲ ಮಾಡಿ ಓದುತ್ತಿರುವವರು, ಮಗುವನ್ನು ಬಗಲಲ್ಲಿ ಎತ್ತಿಕೊಂಡು ಬರುವ ಪಿಎಚ್‌ಡಿ ವಿದ್ಯಾರ್ಥಿನಿಯರು. ಇಡೀ ಅಮೆರಿಕ ಉಂಡು ತೇಗುತ್ತಿದೆ ಅನ್ನುವ ನನ್ನ ನಂಬಿಕೆ ಆ ಕೋಣೆಯಲ್ಲಿ ಕರಗಿತು. ಯಾವ ಪಾಠದ ಕೋಣೆಯೂ ಅದನ್ನು ನನಗೆ ತೋರಿಸುತ್ತಿರಲಿಲ್ಲ. ಪ್ರತಿ ಗುರುವಾರ ಸಂಜೆ ನನ್ನ ಪಾಳಿ. ಮೂರನೇ ತಿಂಗಳಿಗೆ ಆ ಕೋಣೆಯ ಒಂದು ಚಾವಿಯನ್ನು ನನ್ನ ಕೈಗೆ ಕೊಟ್ಟರು. ಆ ದೇಶದಲ್ಲಿ ಯಾರೋ ನನ್ನನ್ನು ನಂಬಿ ಏನನ್ನಾದರೂ ಕೊಟ್ಟದ್ದು ಅದೇ ಮೊದಲು. ರಾತ್ರಿ ತಲೆದಿಂಬಿನ ಕೆಳಗೆ ಇಟ್ಟುಕೊಂಡು ಮಲಗಿದೆ.

ಫೆಬ್ರವರಿಯಲ್ಲಿ ಜ್ವರ ಬಂದು ಮಲಗಿದೆ, ಗುರುವಾರ ಹೋಗಲು ಆಗಲಿಲ್ಲ, ತಿಳಿಸಲೂ ಆಗಲಿಲ್ಲ. ಸಂಜೆ ಐದೂವರೆಗೆ ಬಾಗಿಲು ಬಡಿದರು. ಹೊರಗೆ ಹಿಮ, ಇಬ್ಬರು ನಿಂತಿದ್ದಾರೆ. ಬಂದದ್ದು ಚಾವಿಗೆ, ಪ್ಯಾಂಟ್ರಿಯ ಮುಂದೆ ಸಾಲು ನಿಂತಿತ್ತು. ಚಾವಿ ತಗೊಂಡು ಹೋದವರು ರಾತ್ರಿ ಮತ್ತೆ ಬಂದು, ನನ್ನನ್ನು ವಿಶ್ವವಿದ್ಯಾಲಯದ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋದರು. ಚಾವಿ ನನ್ನ ಹತ್ತಿರ ಇರದಿದ್ದರೆ ಯಾರು ಬರುತ್ತಿದ್ದರು?

“ನನಗೆ ಇಂಗ್ಲಿಷ್ ಮಾತಾಡಾಕ ಬರೂದಿಲ್ರಿ, ಮಂದಿ ಮುಂದ ಬಾಯಿನ ಬಿಡೂದಿಲ್ಲ” ಅಂತ ಬೆಳಿಗ್ಗೆ ಚಹಾ ಕುಡಿಯುವಾಗ ಒಬ್ಬ ತಮ್ಮ ಹೇಳಿದ. ಅವನಿಗೆ ಗಾಂಧೀಜಿಯವರ ಒಂದು ಸಂಗತಿ ಹೇಳಬೇಕು. 1888ರಲ್ಲಿ ಲಂಡನ್ನಿಗೆ ಬ್ಯಾರಿಸ್ಟರಿ ಓದಲು ಹೋದ ಹುಡುಗನಿಗೆ ಹೊಟ್ಟೆ ತುಂಬ ಸಸ್ಯಾಹಾರ ಸಿಗುವುದೇ ಕಷ್ಟವಾಗಿತ್ತು. ಊರೆಲ್ಲ ಅಲೆದು ಕೊನೆಗೆ ಫ್ಯಾರಿಂಗ್ಡನ್ ಬೀದಿಯಲ್ಲಿ ಒಂದು ಸಸ್ಯಾಹಾರಿ ಖಾನಾವಳಿ ಸಿಕ್ಕಿತು. ಆ ಖಾನಾವಳಿಯ ದಾರಿಯಿಂದಲೇ ಅವರು ಲಂಡನ್ನಿನ ಸಸ್ಯಾಹಾರಿ ಸಂಘಕ್ಕೆ ಹೋಗಿ, ಅದರ ಕಾರ್ಯಕಾರಿ ಸಮಿತಿಯ ಸದಸ್ಯರಾದರು, ಅದರ ಪತ್ರಿಕೆಗೆ ಲೇಖನ ಬರೆದರು, ತಾವಿದ್ದ ಬಡಾವಣೆಯಲ್ಲಿ ಒಂದು ಚಿಕ್ಕ ಸಂಘವನ್ನೂ ಕಟ್ಟಿದರು. ಆದರೆ ಸಭೆಯಲ್ಲಿ ಬಾಯಿ ಬಿಡಲು ಆಗುತ್ತಿರಲಿಲ್ಲ. ಒಮ್ಮೆ ಒಬ್ಬ ಸದಸ್ಯರನ್ನು ಸಂಘದಿಂದ ತೆಗೆಯಬೇಕೆಂಬ ಮಾತು ಬಂದಾಗ, ಅದು ತಪ್ಪು ಅಂತ ಅವರಿಗೆ ಬಲವಾಗಿ ಅನ್ನಿಸಿತು. ಅಭಿಪ್ರಾಯವನ್ನು ಬರೆದುಕೊಂಡು ಹೋದರು. ಓದಲು ಎದೆಗಾರಿಕೆ ಸಾಲಲಿಲ್ಲ, ಬೇರೊಬ್ಬರು ಓದಿದರು. ಅವರ ಪಕ್ಷ ಅವತ್ತು ಸೋತಿತು ಕೂಡ.

ತಮ್ಮಾ, ಮಾತಾಡಲು ಬರದವನಿಗೂ ಸಮಿತಿಯಲ್ಲಿ ಜಾಗ ಇರುತ್ತದೆ. ಬರೆಯುವವರು ಬೇಕು, ಲೆಕ್ಕ ನೋಡುವವರು ಬೇಕು, ಫೋಟೋ ತೆಗೆಯುವವರು ಬೇಕು. ನಿನಗೆ ವಾಲಿಬಾಲ್ ಬರುತ್ತದೆ ಅಂದೆಯಲ್ಲ, ಕ್ಯಾಂಪಸ್ಸಿನೊಳಗೆ ವಿದ್ಯಾರ್ಥಿಗಳು ತಮ್ಮತಮ್ಮಲ್ಲೇ ತಂಡ ಕಟ್ಟಿ ಆಡುವ ಪಂದ್ಯಗಳು ವರ್ಷವಿಡೀ ಇರುತ್ತವೆ. ನೆಟ್ಟಿನ ಈಚೆಗೆ ನಿಂತವನಿಗೆ ವ್ಯಾಕರಣ ಯಾರೂ ಕೇಳುವುದಿಲ್ಲ.

ಇನ್ನೊಬ್ಬರ ಮಾತು ಹೇಳದೆ ಮುಂದೆ ಹೋಗಲಾರೆ. ಕೃಷಿ ಓದುವವರಿಗೆ ಅಮೆರಿಕದ ಕೃಷಿ ವಿಜ್ಞಾನಿ ಜಾರ್ಜ್ ವಾಷಿಂಗ್ಟನ್ ಕಾರ್ವರ್ ಹೆಸರು ಗೊತ್ತಿರಬೇಕು. ಗುಲಾಮಗಿರಿಯಲ್ಲಿ ಹುಟ್ಟಿದವರು. 1891ರಲ್ಲಿ ಅಯೋವಾದ ಕೃಷಿ ಕಾಲೇಜಿಗೆ ಬಂದರು, ಅಲ್ಲಿಗೆ ಬಂದ ಮೊದಲ ಕಪ್ಪು ವಿದ್ಯಾರ್ಥಿ. ಮೊದಮೊದಲು ಬಿಳಿಯ ವಿದ್ಯಾರ್ಥಿಗಳ ಜೊತೆ ಊಟದ ಮನೆಯಲ್ಲಿ ಕೂರಲು ಬಿಡಲಿಲ್ಲ, ನೆಲಮಾಳಿಗೆಯಲ್ಲಿ ಹೊಲದ ಆಳುಗಳ ಜೊತೆ ಉಣ್ಣಬೇಕಾಯಿತು. ಅಂಥ ಕಡೆ ಆ ಮನುಷ್ಯ ಕಾಲೇಜು ಮುಗಿಸುವ ಹೊತ್ತಿಗೆ ಜರ್ಮನ್ ಸಂಘದಲ್ಲಿದ್ದರು, ಕಲಾ ಸಂಘದಲ್ಲಿದ್ದರು, ಫುಟ್‌ಬಾಲ್ ತಂಡದ ಹುಡುಗರ ಮೈಕೈ ನೋವಿಗೆ ಮಾಲೀಶು ಮಾಡುವವರೂ ಅವರೇ ಆಗಿದ್ದರು. ಅವರು ಬರೆದ ಚಿತ್ರವೊಂದು 1893ರ ಷಿಕಾಗೋ ಜಾಗತಿಕ ಮೇಳದಲ್ಲಿ ಪ್ರದರ್ಶನಗೊಂಡಿತು. 1894ರಲ್ಲಿ ಪದವಿ, 1896ರಲ್ಲಿ ಸ್ನಾತಕೋತ್ತರ ಪದವಿ, ನಡುವೆ ಅಲ್ಲಿಯೇ ಪಾಠ ಹೇಳುವ ಕೆಲಸ. ಊಟದ ಮನೆಯಿಂದ ಹೊರಗಿಟ್ಟವರ ಅನ್ಯಾಯ ಇದರಿಂದ ಕಡಿಮೆಯಾಗುವುದಿಲ್ಲ. ಹೊರಗಿಟ್ಟವರು ನಾಚಬೇಕೇ ಹೊರತು ಒಳಗೆ ಬರುವ ಹೊಣೆ ಪೂರ್ತಿ ಕಾರ್ವರ್ ಅವರ ತಲೆಯ ಮೇಲೆ ಬೀಳಬಾರದಿತ್ತು. ಆದರೂ ಆ ಕೈಗಳು ಮುಟ್ಟದ ಕೆಲಸವಿರಲಿಲ್ಲ ಅನ್ನುವುದು ನನಗೆ ಪ್ರತಿ ಸಲವೂ ಮೈ ಜುಮ್ಮೆನ್ನಿಸುತ್ತದೆ.

ಊಟದ ಮನೆಯ ಮಾತು ಬಂದದ್ದಕ್ಕೆ ಇದನ್ನೂ ಹೇಳಿಬಿಡುತ್ತೇನೆ. ನೀವು ಹೋದ ಕಡೆಯೆಲ್ಲ ಭಾರತೀಯ ವಿದ್ಯಾರ್ಥಿಗಳ ಸಂಘ ಇರುತ್ತದೆ. ಹೋಗಿ. ಮೊದಲ ವಾರ ವಿಮಾನ ನಿಲ್ದಾಣದಿಂದ ಕರೆತರುವವರು, ಹಾಸಿಗೆ ಕೊಡಿಸುವವರು, ಬ್ಯಾಂಕ್ ಖಾತೆ ತೆರೆಸುವವರು ಅವರೇ. ತೆಲುಗು ಮಾತಾಡುವ ಹುಡುಗರು ಬಹಳ ಇರುತ್ತಾರೆ, ನಮ್ಮ ಗಂಗಾವತಿ, ಸಿಂಧನೂರು, ಬಳ್ಳಾರಿ ಕಡೆಯವರಿಗೆ ಅದೊಂದು ಅನುಕೂಲವೇ. ಆದರೆ ಬಾಡಿಗೆ ಮನೆ, ಊಟ, ಓದು, ಸಿನಿಮಾ, ಜಗಳ ಎಲ್ಲವೂ ಅವರ ನಡುವೆಯೇ ಆಗಿಬಿಟ್ಟರೆ ಎರಡು ವರ್ಷ ಕಳೆದರೂ ನೀವು ಆ ದೇಶ ನೋಡಿರುವುದಿಲ್ಲ. ಒಂದು ಕಾಲು ಅಲ್ಲಿರಲಿ, ಇನ್ನೊಂದು ಹೊರಗಿರಲಿ.

ಮತ್ತೆ, ನಮ್ಮ ಮಂದಿಯ ನಡುವೆ ಹೋದಾಗ ಎರಡನೇ ಭೇಟಿಗೇ ನನಗೆ ಒಂದು ಪ್ರಶ್ನೆ ಬಂತು: “ನೀವು ಯಾವ ಮಂದಿ?” ಏಳು ಸಮುದ್ರ ದಾಟಿ ಹೋದರೂ ಜಾತಿ ಬಿಡಲಿಲ್ಲ. ಡಾ. ಅಂಬೇಡ್ಕರ್ ಬರೋಡಾ ಮಹಾರಾಜರ ವಿದ್ಯಾರ್ಥಿವೇತನದ ಮೇಲೆ 1913ರಲ್ಲಿ ಕೊಲಂಬಿಯಾಗೆ ಹೋದವರು. 1916ರ ಮೇ 9ರಂದು, ಇಪ್ಪತ್ತೈದರ ಪ್ರಾಯದಲ್ಲಿ, ಪ್ರಾಧ್ಯಾಪಕ ಗೋಲ್ಡನ್‌ವೈಸರ್ ಅವರ ಮಾನವಶಾಸ್ತ್ರದ ಸೆಮಿನಾರಿನಲ್ಲಿ ಅವರು ಓದಿದ ಪ್ರಬಂಧದ ವಿಷಯ ಭಾರತದ ಜಾತಿಗಳು. ಸೆಮಿನಾರು ಅಂದರೆ ಒಂದು ಕೋಣೆಯಲ್ಲಿ ಕೆಲವೇ ಮಂದಿ ಕೂಡುವುದು. ಆ ಕೋಣೆಯಲ್ಲಿ ಅವರು ಬೇರೆಯವರ ಮಾತು ಬರೆದುಕೊಂಡು ಎದ್ದು ಹೋಗಲಿಲ್ಲ, ತಮ್ಮ ನೆಲದ ನೋವನ್ನು ವಿದ್ಯೆಯ ಮಾತಿನಲ್ಲಿ ಅವರ ಮುಂದಿಟ್ಟರು. ನೂರು ವರ್ಷಗಳ ಮೇಲೆ ಆ ದೇಶದ ವಿಶ್ವವಿದ್ಯಾಲಯಗಳೂ ಈ ವಿಷಯ ಕಣ್ಣುಬಿಟ್ಟು ನೋಡತೊಡಗಿವೆ. ಕ್ಯಾಲಿಫೋರ್ನಿಯಾ ಸ್ಟೇಟ್ ವಿಶ್ವವಿದ್ಯಾಲಯ 2022ರಲ್ಲಿ ತಾರತಮ್ಯ ವಿರೋಧಿ ನಿಯಮಗಳಲ್ಲಿ ಜಾತಿಯ ಹೆಸರನ್ನೂ ಸೇರಿಸಿತು. ನಿಮಗೆ ಆ ಪ್ರಶ್ನೆ ಬಂದರೆ ಉತ್ತರ ಕೊಡಬೇಕಾಗಿಲ್ಲ. ನೀವಂತೂ ಯಾರನ್ನೂ ಕೇಳಬೇಡಿ.

ಈಗ ಅಪ್ಪ-ಅವ್ವಂದಿರ ಪ್ರಶ್ನೆ. ನಮ್ಮಪ್ಪನೇ ಕೇಳಿದ್ದ: “ಸಾಲ ಮಾಡಿ ಕಳ್ಸೀವಿ, ಅಲ್ಲಿ ಹೋಗಿ ಮಂದಿಗಿ ಬಡಸಾಕತ್ತೀ. ಅದ ಹೊತ್ತಿನ್ಯಾಗ ನಾಕು ಡಾಲರ್ ದುಡಿದ್ರ ಬಡ್ಡೀಗಾದ್ರೂ ಆಗತಿತ್ತಲ್ಲವ್ವಾ?” ನ್ಯಾಯವಾದ ಮಾತು. ದುಡಿಯಲೇಬೇಕು, ನಾನೂ ದುಡಿದೆ. ಆದರೆ ಲೆಕ್ಕ ತಿಳಿದುಕೊಂಡು ದುಡಿಯಬೇಕು. ಅಮೆರಿಕದ ವಿದ್ಯಾರ್ಥಿ ವೀಸಾದ ಮೇಲೆ ಹೋದವರು ತರಗತಿಗಳು ನಡೆಯುವಾಗ ಕ್ಯಾಂಪಸ್ಸಿನ ಒಳಗೆ ವಾರಕ್ಕೆ 20 ತಾಸು ಮಾತ್ರ ಕೆಲಸ ಮಾಡಬಹುದು. ಗ್ರಂಥಾಲಯ, ಊಟದ ಮನೆ, ಪ್ರಯೋಗಾಲಯ, ಇಂಥ ಕಡೆ. ಕ್ಯಾಂಪಸ್ಸಿನ ಹೊರಗೆ ಅನುಮತಿ ಇಲ್ಲದೆ ಒಂದು ತಾಸೂ ಇಲ್ಲ. ಬ್ರಿಟನ್ನಿನಲ್ಲಿ ಪದವಿ ಓದುವವರಿಗೆ ಪಾಠದ ಅವಧಿಯಲ್ಲಿ ವಾರಕ್ಕೆ 20 ತಾಸು, ಆಸ್ಟ್ರೇಲಿಯಾದಲ್ಲಿ ಹದಿನೈದು ದಿನಕ್ಕೆ 48, ಕೆನಡಾದಲ್ಲಿ ಕ್ಯಾಂಪಸ್ಸಿನ ಹೊರಗೆ ವಾರಕ್ಕೆ 24, ಜರ್ಮನಿಯಲ್ಲಿ ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ. ಇವು ಆಗಾಗ ಬದಲಾಗುತ್ತಿರುತ್ತವೆ, ಹೋಗುವ ಮುನ್ನ ಆಯಾ ಸರ್ಕಾರದ ಜಾಲತಾಣದಲ್ಲೇ ನೋಡಿಕೊಳ್ಳಿ. ಏಜೆಂಟರ ಬಾಯಿಮಾತು ನಂಬಬೇಡಿ.

ಪೆಟ್ರೋಲ್ ಬಂಕಿನಲ್ಲಿ, ಹೋಟೆಲಿನ ಹಿಂಬಾಗಿಲಲ್ಲಿ ಕೈಗೆ ನಗದು ಕೊಡುವ ಕೆಲಸಕ್ಕೆ ಹೋದ ಹುಡುಗರನ್ನು ನಾನು ಬಲ್ಲೆ. ಬಡ್ಡಿಯ ಭಯಕ್ಕೆ ಹೋಗುತ್ತಾರೆ, ಕೆಟ್ಟ ಮಕ್ಕಳಲ್ಲ. ಆದರೆ ಸಿಕ್ಕಿಬಿದ್ದರೆ ವೀಸಾ ಹೋಗುತ್ತದೆ, ಓದು ಹೋಗುತ್ತದೆ, ಹೊಲದ ಮೇಲಿನ ಸಾಲ ಮಾತ್ರ ಉಳಿಯುತ್ತದೆ. ಕೂಲಿ ಕೊಡದೆ ಹೋದರೆ ದೂರು ಕೊಡಲೂ ಹೆದರಿಕೆ. ಅಪ್ಪಂದಿರೇ, ಫೋನಿನಲ್ಲಿ ಬಡ್ಡಿಯ ಮಾತು ಎತ್ತುವಾಗ ಇದು ನೆನಪಿರಲಿ. ಸೇವೆಯಲ್ಲೂ ಒಂದು ಗೆರೆ ಇದೆ: ಸಂಬಳ ಕೊಟ್ಟು ಮಾಡಿಸುವ ಕೆಲಸವನ್ನು ‘ಪುಕ್ಕಟೆ ಮಾಡು’ ಅಂತ ಯಾರಾದರೂ ಹೇಳಿದರೆ ಅದು ಸೇವೆಯ ಲೆಕ್ಕಕ್ಕೆ ಬರುವುದಿಲ್ಲ. ಅನುಮಾನ ಬಂದರೆ ವಿದೇಶಿ ವಿದ್ಯಾರ್ಥಿಗಳ ಕಚೇರಿಯಲ್ಲಿ ಮೊದಲೇ ಕೇಳಿ.

ಇನ್ನು ನನ್ನ ದುಡಿಮೆ ಎಲ್ಲಿಂದ ಬಂತು? ಪ್ಯಾಂಟ್ರಿಯಲ್ಲಿ ನನ್ನ ಜೊತೆ ಡಬ್ಬಿ ಜೋಡಿಸುತ್ತಿದ್ದ ಒಬ್ಬ ಹಿರಿಯ ಹೆಂಗಸು ಮಣ್ಣಿನ ಪ್ರಯೋಗಾಲಯದ ತಂತ್ರಜ್ಞೆ. ಆರು ತಿಂಗಳು ಒಟ್ಟಿಗೆ ಡಬ್ಬಿ ಜೋಡಿಸಿದ ಮೇಲೆ ಒಂದು ದಿನ, ಮಣ್ಣು ಒಣಗಿಸಿ, ಕುಟ್ಟಿ, ಜರಡಿ ಹಿಡಿಯಲು ಒಬ್ಬರು ಬೇಕು, ಬರುತ್ತೀಯಾ ಅಂದಳು. ಜರಡಿ ಹಿಡಿಯುವುದು ನನಗೆ ಹೇಳಿಕೊಡಬೇಕಾ? ಆ ಕೆಲಸಕ್ಕಾಗಿ ಪ್ಯಾಂಟ್ರಿಗೆ ಹೋಗಿರಲಿಲ್ಲ. ಹಾಗೆ ಲೆಕ್ಕ ಹಾಕಿ ಹೋದವರು ಬೇಗ ಗೊತ್ತಾಗುತ್ತಾರೆ, ಅಲ್ಲೂ ಗೊತ್ತಾಗುತ್ತಾರೆ, ಇಲ್ಲೂ ಗೊತ್ತಾಗುತ್ತಾರೆ.

ಸಣ್ಣಪುಟ್ಟ ಕೆಲವು ಮಾತು ಬೇಗ ಹೇಳಿಬಿಡುತ್ತೇನೆ. ಮೊದಲ ಸೆಮಿಸ್ಟರಿನಲ್ಲಿ ಒಂದೇ ಸಂಘ, ಎರಡು ಬೇಡ. ಸೇರುವುದನ್ನು ಅಕ್ಟೋಬರ್ ಒಳಗೇ ಮಾಡಿ. ನವೆಂಬರಿನ ಮೊದಲ ಭಾನುವಾರ ಅಮೆರಿಕದಲ್ಲಿ ಗಡಿಯಾರ ಒಂದು ತಾಸು ಹಿಂದೆ ಹೋಗುತ್ತದೆ, ಉತ್ತರದ ಊರುಗಳಲ್ಲಿ ಐದರ ಸುಮಾರಿಗೇ ಕತ್ತಲು. ನಾವು ಬಿಸಿಲಲ್ಲಿ ಬೆಂದು ಬೆಳೆದವರು, ಆ ಕತ್ತಲು ನಮ್ಮ ಮನಸ್ಸಿನ ಮೇಲೆ ಕೂರುತ್ತದೆ. ಆಗ ಹೊಸದಾಗಿ ಎಲ್ಲಿಗೂ ಹೋಗಲು ಕಾಲು ಏಳುವುದಿಲ್ಲ, ಮೊದಲೇ ಒಪ್ಪಿಕೊಂಡ ಕೆಲಸವಿದ್ದರೆ ಅದು ಎಬ್ಬಿಸಿ ಕರೆದೊಯ್ಯುತ್ತದೆ. ಮನಸ್ಸು ತೀರಾ ಕುಗ್ಗಿದರೆ ಕೌನ್ಸೆಲಿಂಗ್ ಕೇಂದ್ರಕ್ಕೆ ಹೋಗಿ, ಬಹಳ ಕಡೆ ನೀವು ಕಟ್ಟಿದ ಶುಲ್ಕದಲ್ಲೇ ಅದು ಸೇರಿರುತ್ತದೆ. ಜ್ವರಕ್ಕೆ ಡಾಕ್ಟರ ಹತ್ತಿರ ಹೋದ ಹಾಗೆ ಇದೂ. ಹೆಣ್ಣುಮಕ್ಕಳಿಗೆ: ರಾತ್ರಿ ಸಭೆ ಮುಗಿದ ಮೇಲೆ ಮನೆತನಕ ಬಿಡಲು ಎಷ್ಟೋ ಕ್ಯಾಂಪಸ್ಸುಗಳಲ್ಲಿ ಗಾಡಿ ಇರುತ್ತದೆ, ಆ ನಂಬರನ್ನು ಮೊದಲ ದಿನವೇ ಬರೆದಿಟ್ಟುಕೊಳ್ಳಿ. ಪಾರ್ಟಿಯಲ್ಲಿ ಕುಡಿಯದವರು ನೀರಿನ ಲೋಟ ಹಿಡಿದು ನಿಂತರೆ ಯಾರೂ ಏನೂ ಅನ್ನುವುದಿಲ್ಲ.

ಪಾಟ್‌ಲಕ್ ಅಂತ ಒಂದು ಮಾತು ಕೇಳುತ್ತೀರಿ. ಹೆದರಬೇಡಿ, ಎಳ್ಳಮವಾಸಿಗೆ ಚರಗ ಚೆಲ್ಲಲು ಹೊಲಕ್ಕೆ ಹೋದಾಗ ಎಲ್ಲರ ಬುತ್ತಿ ಬಿಚ್ಚಿ ನಡುವೆ ಇಟ್ಟು ಉಣ್ಣುತ್ತೇವಲ್ಲ, ಅದೇ. ನಮ್ಮ ವಿಭಾಗದ ಪಾಟ್‌ಲಕ್ಕಿಗೆ ನಾನು ಜೋಳದ ರೊಟ್ಟಿ ಮಾಡಿಕೊಂಡು ಹೋಗಿದ್ದೆ. ಅಮೆರಿಕದಲ್ಲಿ ಬಿಳಿಜೋಳ, ಕೆಂಪುಜೋಳ ರಾಶಿ ರಾಶಿ ಬೆಳೆಯುತ್ತಾರೆ, ಆದರೆ ಹೆಚ್ಚಿನದು ದನದ ಮೇವಿಗೆ ಮತ್ತು ಎಥೆನಾಲಿಗೆ ಹೋಗುತ್ತದೆ. ಅದರ ಮೇಲೇ ಹಲವಾರು ವರ್ಷ ಸಂಶೋಧನೆ ಮಾಡಿದ್ದ ಒಬ್ಬ ಪ್ರಾಧ್ಯಾಪಕರು ಜೀವನದಲ್ಲಿ ಮೊದಲ ಸಲ ಜೋಳ ತಿಂದದ್ದು ಅವತ್ತು, ನನ್ನ ರೊಟ್ಟಿಯಲ್ಲಿ, ಶೇಂಗಾ ಚಟ್ನಿ ಹಚ್ಚಿಕೊಂಡು. ಬಿಸಿನೀರಿನಲ್ಲಿ ಹಿಟ್ಟು ನಾದುವುದು ಯಾಕೆ, ಜೋಳದಲ್ಲಿ ಗೋಧಿಯಂಥ ಅಂಟು ಇಲ್ಲದಿರುವಾಗ ರೊಟ್ಟಿ ಹೇಗೆ ಹರಿಯದೆ ನಿಲ್ಲುತ್ತದೆ ಅಂತ ಅರ್ಧ ತಾಸು ಕೇಳಿದರು. ಅವ್ವ ಹೇಳಿಕೊಟ್ಟದ್ದನ್ನು ನಾನು ಅವರಿಗೆ ಹೇಳಿಕೊಟ್ಟೆ. ಅವರ ತರಗತಿಯಲ್ಲಿ ಅದುವರೆಗೆ ಒಂದು ಪ್ರಶ್ನೆ ಕೇಳಲೂ ಕೈ ಎತ್ತದವಳು ನಾನು. ಮರುವಾರ ಎತ್ತಿದೆ.

ಅವ್ವಂದಿರೇ, ಫೋನು ಮಾಡಿದಾಗ “ಉಂಡ್ಯಾ?” ಅಂತ ಕೇಳುತ್ತೀರಿ. ಕೇಳಿ, ಅದು ಬೇಕು. ಜೊತೆಗೆ “ಇವತ್ತ ಯಾರ ಕೂಡ ಮಾತಾಡಿದಿ?” ಅಂತಲೂ ಕೇಳಿ. ಎರಡು ಮೂರು ದಿನ ಒಂದು ಹೆಸರೂ ಬರದಿದ್ದರೆ, ಮಾರ್ಕ್ಸು ಎಷ್ಟೇ ಬಂದಿರಲಿ, ಸ್ವಲ್ಪ ಹೆಚ್ಚು ಹೊತ್ತು ಮಾತಾಡಿ.

ಇಷ್ಟು ಹೇಳಿ ಕೂತೆ. ಪ್ರಶ್ನೆಗಳು ಬಂದವು, ಹೆಚ್ಚಿನವು ಮತ್ತೆ ಸಾಲ ಮತ್ತು ವೀಸಾದವೇ. ಕೊನೆಗೆ ಹಿಂದಿನ ಸಾಲಿನಿಂದ ರುಮಾಲು ಸುತ್ತಿದ ಹಿರಿಯರೊಬ್ಬರು ಎದ್ದು ನಿಂತರು. ಅವರ ಮೊಮ್ಮಗಳು ಈ ಆಗಸ್ಟಿಗೆ ಹೊರಟಿದ್ದಾಳಂತೆ.

“ತಂಗಿ, ಆ ಚಾವಿ ಈಗ ಯಾರ ಕಡಿ ಐತಿ?”

ಘಾನಾ ದೇಶದ ಒಬ್ಬ ಹುಡುಗನಿಗೆ ಕೊಟ್ಟು ಬಂದೆ ಅಂದೆ, ಊರು ಬಿಡುವ ಹಿಂದಿನ ಗುರುವಾರ. ಅವನು ಅದಕ್ಕೂ ಮುಂಚೆ ಎರಡು ತಿಂಗಳು ಪ್ಯಾಂಟ್ರಿಯ ಹೊರಗೆ, ಅಕ್ಕಿಗಾಗಿ ಸಾಲಿನಲ್ಲಿ ನಿಲ್ಲುತ್ತಿದ್ದವನು.